ಒಂದು ಕ್ಯಾಬಿನೆಟ್‌ಗೆ ಎರಡು ಎಸ್‌ಎಂಪಿಎಸ್ ಬೇಕೇ?

ಮನೆಯ ಕಂಪ್ಯೂಟರಿನಲ್ಲೇ ಎಐ ಮಾಡೆಲ್ ಓಡಿಸಬೇಕು ಎನ್ನುವವರ ಕಣ್ಣು ಈಚೆಗೆ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3090 ಕಾರ್ಡುಗಳ ಮೇಲಿದೆ. 2020ರ ಕಾರ್ಡು, 24 ಜಿಬಿ ಮೆಮೊರಿ. ಎರಡು ಕೂಡಿಸಿದರೆ 48 ಜಿಬಿ ಆಗುತ್ತದೆ; ಹೊಸ ಕಾರ್ಡೊಂದರಲ್ಲಿ ಅಷ್ಟು ಮೆಮೊರಿ ಸಿಗಬೇಕಾದರೆ ಲಕ್ಷಗಳ ಮಾತು. ತಲೆನೋವು ಶುರುವಾಗುವುದು ಕರೆಂಟಿನ ಲೆಕ್ಕಕ್ಕೆ ಕೂತಾಗ. ಒಂದೊಂದು ಕಾರ್ಡಿಗೂ 350 ವ್ಯಾಟ್, ಪ್ರೊಸೆಸರ್ ಮತ್ತು ಉಳಿದದ್ದಕ್ಕೆ ಇನ್ನೊಂದು 250 ಎಂದರೂ ಸಾವಿರದ ಹತ್ತಿರ ಬಂತು. ಅದರ ಮೇಲೆ ಈ ಕಾರ್ಡುಗಳು ಕ್ಷಣಮಾತ್ರಕ್ಕೆ ತಮ್ಮ ಮಿತಿಗಿಂತ ಎಷ್ಟೋ ಹೆಚ್ಚು ಎಳೆಯುತ್ತವೆ. ಕಂಪ್ಯೂಟರಿಗೆ ಕರೆಂಟ್ ಒದಗಿಸಲು ಇರುವ 750 ವ್ಯಾಟ್ ಎಸ್‌ಎಂಪಿಎಸ್ ಆಗ ಕೈಕೊಡುವುದು ಖಂಡಿತ. ಅದನ್ನು ತೆಗೆದು ದೊಡ್ಡದೊಂದನ್ನು ಹಾಕುವುದೋ, ಪಕ್ಕಕ್ಕೆ ಇನ್ನೊಂದನ್ನು ಸೇರಿಸುವುದೋ?

ಸೇರಿಸಬಹುದು ಎನ್ನುವವರ ಕೈಯಲ್ಲಿ ಗಟ್ಟಿ ಪುರಾವೆಯೇ ಇದೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋಕರೆನ್ಸಿ ತನ್ನ ವ್ಯವಸ್ಥೆ ಬದಲಿಸಿ ಗ್ರಾಫಿಕ್ಸ್ ಕಾರ್ಡುಗಳ ಗಣಿಗಾರಿಕೆ ನಿಲ್ಲುವವರೆಗೂ, ಆರೆಂಟು ಕಾರ್ಡುಗಳ ರಿಗ್‌ಗಳು ಎರಡೆರಡು ಎಸ್‌ಎಂಪಿಎಸ್ ಮೇಲೆ ಹಗಲೂ ರಾತ್ರಿ ಓಡಿದವು. ಲಿಯಾನ್ ಲಿಯ ಓ11 ಡೈನಾಮಿಕ್‌ನಂಥ ಕ್ಯಾಬಿನೆಟ್‌ನಲ್ಲಿ ಎರಡನ್ನು ಕೂರಿಸಲು ಕಂಪನಿಯೇ ಜಾಗ ಬಿಟ್ಟಿದೆ. ಖರ್ಚೂ ಕಡಿಮೆ, ಚೆನ್ನಾಗಿರುವ ಹಳೆಯದನ್ನು ಮೂಲೆಗೆ ಎಸೆಯಬೇಕಿಲ್ಲ. ಕೆಟ್ಟರೆ 650, 750 ವ್ಯಾಟಿನದು ಸಣ್ಣ ಊರಿನ ಅಂಗಡಿಯಲ್ಲೂ ಸಿಗುವ ಸಾಧ್ಯತೆ ಹೆಚ್ಚು. 1600 ವ್ಯಾಟಿನದಕ್ಕೆ ಆರ್ಡರ್ ಕೊಟ್ಟು ಕಾಯಬೇಕಾದೀತು, ಅಷ್ಟು ದಿನ ಕೆಲಸ ನಿಂತಂತೆಯೇ.

ಇಷ್ಟು ಕೇಳಿದ ಮೇಲೆ ಜೋಡಣೆಯನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಇದರ ಒಳಿತು ಕೆಡುಕು ಎರಡೂ ಇರುವುದು ಅಲ್ಲೇ. ಎಟಿಎಕ್ಸ್ ಎಸ್‌ಎಂಪಿಎಸ್‌ಗೆ ಗೋಡೆಯ ಸ್ವಿಚ್ ಒತ್ತಿದರಷ್ಟೇ ಜೀವ ಬರುವುದಿಲ್ಲ. 24 ಪಿನ್ನಿನ ಕನೆಕ್ಟರ್‌ನಲ್ಲಿ 16ನೆಯದು ಹಸಿರು ತಂತಿ. ಮದರ್‌ಬೋರ್ಡ್ ಅದನ್ನು ಕಪ್ಪು ತಂತಿಗೆ, ಅಂದರೆ ಗ್ರೌಂಡಿಗೆ, ತಾಗಿಸಿದಾಗ ಫ್ಯಾನ್ ತಿರುಗುತ್ತದೆ. ಎರಡನೆಯದಕ್ಕೆ ಮದರ್‌ಬೋರ್ಡಿನ ನಂಟಿಲ್ಲವಾದ್ದರಿಂದ ಕೆಲವರು ಆ ಎರಡು ತೂತಿಗೆ ಪೇಪರ್ ಕ್ಲಿಪ್ ಸಿಕ್ಕಿಸಿಬಿಡುತ್ತಾರೆ. ಎಸ್‌ಎಂಪಿಎಸ್ ಆನ್ ಆಗುತ್ತದೆ, ನಿಜ. ಆದರೆ ಕಂಪ್ಯೂಟರ್ ಆಫ್ ಆದ ಮೇಲೂ ಅದು ಆನ್ ಆಗಿಯೇ ಇದ್ದು ಕಾರ್ಡಿಗೆ 12 ವೋಲ್ಟ್ ಊಡುತ್ತಲೇ ಇರುತ್ತದೆ. ಟೆಸ್ಟ್ ಮಾಡಲು ಸರಿ, ದಿನದ ಬಳಕೆಗೆ ಸಲ್ಲದು. ಇದಕ್ಕೆಂದೇ ಆಡ್2ಪಿಎಸ್‌ಯು ಎಂಬ ಪುಟ್ಟ ಬೋರ್ಡ್ ಬರುತ್ತದೆ: ಮೊದಲನೆಯದರಿಂದ ಕರೆಂಟ್ ಬಂದೊಡನೆ ಅದರ ರಿಲೇ ಎರಡನೆಯದನ್ನೂ ಆನ್ ಮಾಡುತ್ತದೆ, ಮೊದಲನೆಯದು ಹೋದರೆ ಎರಡೂ ಆಫ್.

ಎರಡರ 12 ವೋಲ್ಟ್ ತಂತಿಗಳು ಎಲ್ಲೂ ಒಂದಕ್ಕೊಂದು ಕೂಡಬಾರದು. ಒಂದು 12.1 ವೋಲ್ಟ್, ಇನ್ನೊಂದು 11.9 ಕೊಡುತ್ತಿದ್ದರೆ ಹೆಚ್ಚಿರುವುದರ ತಲೆಯ ಮೇಲೇ ಭಾರವೆಲ್ಲ ಬೀಳುತ್ತದೆ; ಅದನ್ನು ಹಂಚಿಕೊಳ್ಳುವ ಏರ್ಪಾಡು ಮನೆಬಳಕೆಯ ಎಸ್‌ಎಂಪಿಎಸ್‌ಗಳಲ್ಲಿ ಇರುವುದಿಲ್ಲ. ಒಂದು ಕಾರ್ಡಿನ ಎಲ್ಲ 8 ಪಿನ್ ಕೇಬಲ್‌ಗಳೂ ಒಂದೇ ಎಸ್‌ಎಂಪಿಎಸ್‌ನಿಂದ ಬರಬೇಕು. ಕಾರ್ಡನ್ನು ಸ್ಲಾಟಿನಿಂದ ದೂರ ಕೂರಿಸಲು ರೈಸರ್ ಬಳಸಿದರೆ ಅದರ ಕರೆಂಟೂ ಅಲ್ಲಿಂದಲೇ. ರೈಸರ್‌ಗೆ ಸಾಟಾ ಕೇಬಲ್ ಸಿಕ್ಕಿಸುವುದು ಮಾತ್ರ ಬೇಡ: ಸ್ಲಾಟಿನ ಮೂಲಕ ಕಾರ್ಡು 75 ವ್ಯಾಟ್‌ವರೆಗೆ ಎಳೆಯಬಲ್ಲದು, 12 ವೋಲ್ಟಿನಲ್ಲಿ ಸಾಟಾ ಕನೆಕ್ಟರ್ ತಡೆದುಕೊಳ್ಳುವುದು 54. ಗಣಿಗಾರಿಕೆಯ ಕಾಲದಲ್ಲಿ ಕರಗಿಹೋದ ಕನೆಕ್ಟರ್‌ಗಳಿಗೆ ಲೆಕ್ಕವಿಲ್ಲ. ಮಾಡ್ಯುಲರ್ ಕೇಬಲ್‌ಗಳದ್ದು ಇನ್ನೊಂದು ಅಪಾಯ. ಒಂದು ಬ್ರ್ಯಾಂಡಿನ ಕೇಬಲ್ ಇನ್ನೊಂದರ ತೂತಿಗೆ ಸಲೀಸಾಗಿ ಕೂತರೂ ಒಳಗಿನ ಪಿನ್ ಜೋಡಣೆ ಬೇರೆ ಇದ್ದೀತು. ಡ್ರೈವ್ ಸುಟ್ಟ ಮೇಲೆಯೇ ಗೊತ್ತಾಗುವುದು. ಎರಡು ಎಸ್‌ಎಂಪಿಎಸ್ ಇರುವ ಪೆಟ್ಟಿಗೆಯಲ್ಲಿ ಈ ಅದಲುಬದಲು ತೀರ ಸುಲಭ.

ವಿರೋಧಿಸುವವರ ಅಳುಕು ಹಾಗಾಗಿ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಅವರ ವಾದಕ್ಕಿಂತಲೂ ನನಗೆ ಮುಖ್ಯವಾಗಿ ಕಾಣುವುದು ಪರವಾಗಿರುವವರಲ್ಲೇ ಇರುವ ಒಂದು ತಪ್ಪು ತಿಳಿವಳಿಕೆ. ಸರ್ವರ್‌ಗಳಲ್ಲಿ ಎರಡಿರುತ್ತವೆ, ಒಂದು ಹೋದರೂ ಇನ್ನೊಂದು ನಡೆಸುತ್ತದೆ, ಹಾಗೇ ಇದೂ ಎಂದು ಅವರು ನಂಬುತ್ತಾರೆ. ಸರ್ವರ್‌ನ ಜೋಡಿ ಭಾರ ಹಂಚಿಕೊಳ್ಳಲೆಂದೇ ಹುಟ್ಟಿದ್ದು, ಒಂದೊಂದೂ ಇಡೀ ಯಂತ್ರವನ್ನು ಹೊರಬಲ್ಲದು. ನಮ್ಮ ಜೋಡಿಯಲ್ಲಿ ಯಾವುದೊಂದು ಹೋದರೂ ಕೆಲಸ ನಿಲ್ಲುತ್ತದೆ. ಮದರ್‌ಬೋರ್ಡ್ ಚಾಲೂ ಇದ್ದು ಕಾರ್ಡಿನ ಎಸ್‌ಎಂಪಿಎಸ್ ಮಾತ್ರ ಸತ್ತರೆ, ರಾತ್ರಿಯಿಡೀ ಓಡಿದ ರೆಂಡರ್ ಅರ್ಧಕ್ಕೇ ಹ್ಯಾಂಗ್ ಆಗಿ ಕೂತಿರುತ್ತದೆ. ಕೆಡಬಹುದಾದ ಜಾಗ ಒಂದಿದ್ದದ್ದು ಎರಡಾಯಿತು, ಅಷ್ಟೆ.

ಎರಡನ್ನು ಇಡಲು ಅಮೆರಿಕದವರು ಹೇಳುವ ಇನ್ನೊಂದು ಕಾರಣ ನಮಗೆ ಅನ್ವಯಿಸುವುದಿಲ್ಲ. ಅಲ್ಲಿ 120 ವೋಲ್ಟ್. 15 ಆಂಪಿಯರ್ ಸರ್ಕ್ಯೂಟಿನಿಂದ ಸತತವಾಗಿ ತೆಗೆಯಬಹುದಾದ್ದು 1440 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದವರು ಎರಡು ಎಸ್‌ಎಂಪಿಎಸ್ ಇಟ್ಟು ಎರಡು ಸರ್ಕ್ಯೂಟಿಗೆ ಹಾಕುತ್ತಾರೆ. ನಮ್ಮಲ್ಲಿ 230 ವೋಲ್ಟ್. ಗೀಸರ್, ಏಸಿ ಹಾಕುವ 16 ಆಂಪಿಯರ್ ಪಾಯಿಂಟ್ 3680 ವ್ಯಾಟ್ ಕೊಡಬಲ್ಲದು, 1600ರ ಎಸ್‌ಎಂಪಿಎಸ್ ಅದರಲ್ಲಿ ನಿರಾಳವಾಗಿ ಓಡುತ್ತದೆ. 6 ಆಂಪಿಯರ್ ಪಾಯಿಂಟ್‌ನದು 1380ಕ್ಕೇ ಮುಗಿಯಿತು. ಆದ್ದರಿಂದ ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಸಿಕ್ಕಿಸಿ 6 ಆಂಪಿಯರ್ ಪಾಯಿಂಟಿಗೆ ಹಾಕಿದವರು ತಂತಿಯ ಮೇಲೆ ಭಾರ ಇಳಿಸಿದ್ದೇನೂ ಇಲ್ಲ.

ನನ್ನ ಅನಿಸಿಕೆ ಹೀಗೆ: ಎಲ್ಲವನ್ನೂ ಹೊಸದಾಗಿ ಕೊಳ್ಳುವವರು ದೊಡ್ಡದು ಒಂದನ್ನೇ ಕೊಳ್ಳಲಿ. ಅದೂ ಎಟಿಎಕ್ಸ್ 3.0 ಅಥವಾ ಅದರ ನಂತರದ್ದಾಗಿರಲಿ. 2022ರ ಆ ನಿಯಮದಂತೆ ಎಸ್‌ಎಂಪಿಎಸ್ ತನ್ನ ಶಕ್ತಿಯ ಎರಡರಷ್ಟು ಎಳೆತವನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು. ನಂಬಿಕೆಯ 750 ಈಗಾಗಲೇ ಇದ್ದು ಕೈ ಬಿಗಿ ಇರುವವರು ಎರಡನೆಯದನ್ನು ಸೇರಿಸಿದರೆ ಅದನ್ನು ತಪ್ಪೆನ್ನಲಾರೆ. ಆದರೆ ಎರಡಕ್ಕೂ ಮೊದಲು, ಡ್ರೈವರ್ ಜೊತೆಗೇ ಬರುವ ಎನ್‌ವಿಡಿಯಾ-ಎಸ್‌ಎಂಐ ಬಳಸಿ ಕಾರ್ಡುಗಳ ಮಿತಿಯನ್ನು 350ರಿಂದ 270ರ ಆಸುಪಾಸಿಗೆ ಇಳಿಸಿ ನೋಡಿ. ಭಾಷಾ ಮಾಡೆಲ್‌ಗಳು ಉತ್ತರ ಬರೆಯುವಾಗ ಮೆಮೊರಿಯ ವೇಗವನ್ನು ನೆಚ್ಚುವುದರಿಂದ ವ್ಯತ್ಯಾಸ ಅಷ್ಟಾಗಿ ಕಾಣದು. ಒಳ್ಳೆಯ 1000 ವ್ಯಾಟಿನ ಒಂದರಲ್ಲೇ ಕೆಲಸ ಮುಗಿದರೂ ಮುಗಿದೀತು.

ಎರಡು ಹಾಕುವುದೇ ಸೈ ಎಂದಾದರೆ ಎರಡನೆಯದನ್ನು ಮೇಜಿನ ಮೇಲೆ ಬಿಡದೆ ಕ್ಯಾಬಿನೆಟ್ಟಿಗೇ ಸ್ಕ್ರೂ ಹಾಕಿ ಕೂರಿಸಿ, ಎರಡರ ಗ್ರೌಂಡೂ ಗಟ್ಟಿಯಾಗಿ ಒಂದಾಗುತ್ತದೆ. ಪ್ಲಗ್ ಪಾಯಿಂಟಿನ ಅರ್ತಿಂಗನ್ನು ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷಿಸಿ. ಪ್ರತಿ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳೂ ಅರ್ತ್ ಕಡೆಗೆ ತುಸು ಕರೆಂಟ್ ಬಿಡುತ್ತವೆ. ಅರ್ತ್ ಇಲ್ಲದ ಮನೆಯಲ್ಲಿ ಅದು ಕ್ಯಾಬಿನೆಟ್ ಮುಟ್ಟಿದವರ ಕೈಯನ್ನು ಜುಮ್ಮೆನ್ನಿಸುತ್ತದೆ, ಎರಡಿದ್ದರೆ ಇನ್ನೂ ಜೋರಾಗಿ.