ಅಣಕದ ಖಾತೆ ಮತ್ತು ಬಾಯಮ್ಮನ ಪ್ರಶ್ನೆ

ನಮ್ಮ ಯುವಜನರಲ್ಲಿ ಯಾರ ಫೋನ್ ನೋಡಿದರೂ ನಟರದೋ ಕ್ರಿಕೆಟ್ ಆಟಗಾರರದೋ ಹೆಸರಿನ ಒಂದು ಪ್ಯಾರಡಿ ಖಾತೆ ಇದ್ದೇ ಇರುತ್ತದೆ. ಅಸಲಿ ಖಾತೆ ಇರುವಾಗ ಇದ್ಯಾಕೆ? ಅಸಲಿಯಲ್ಲಿ ಇರುವುದು ಜಾಹೀರಾತು, ಹಬ್ಬದ ಶುಭಾಶಯ, ಸಿನಿಮಾ ಪೋಸ್ಟರ್. ಅಣಕಿಸುವವನು ದೊಡ್ಡವರನ್ನು ನಮ್ಮ ಜಗಲಿಗೆ ತಂದು ಕೂರಿಸುತ್ತಾನೆ. ಅಲ್ಲಿ ಅವರ ಮನೆಯಲ್ಲೂ ಕರೆಂಟ್ ಹೋಗುತ್ತದೆ, ಅವರಿಗೂ ಬಸ್ ತಪ್ಪುತ್ತದೆ.

ಕಾಸರಗೋಡಿನ ನಮಗೆ ಈ ರುಚಿ ಹೊಸದಲ್ಲ. ಮಿಮಿಕ್ರಿಗೆ ಹೆಸರಾದ ಕೊಚ್ಚಿಯ ಕಲಾಭವನವನ್ನು 1969ರಲ್ಲಿ ಕಟ್ಟಿದವರು ಒಬ್ಬ ಧರ್ಮಗುರು, ಫಾದರ್ ಆಬೆಲ್. ಹಾಗಾಗಿ ಅಣಕವೇ ಪಾಪ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ವೇದಿಕೆಯ ಮೇಲೆ ಅಣಕಿಸುವವನ ಮುಖ ಎಲ್ಲರಿಗೂ ಕಾಣುತ್ತದೆ. ಫೋನಿನಲ್ಲಿ ಹಾಗಲ್ಲ. ಖಾತೆಯ ಹೆಸರಿನ ಆರಂಭದಲ್ಲೇ ಅದು ಪ್ಯಾರಡಿ ಎಂದು ತಿಳಿಯಬೇಕೆಂದು ಎಕ್ಸ್ 2025ರ ಏಪ್ರಿಲ್‌ನಲ್ಲಿ ನಿಯಮ ತಂದಿತು. ನಾವು ಸ್ಕ್ರೀನ್‌ಶಾಟ್ ತೆಗೆದು, ಹೆಸರಿನ ಸಾಲನ್ನೇ ಕತ್ತರಿಸಿ ವಾಟ್ಸಾಪ್‌ಗೆ ಹಾಕಿದರೆ ಆ ನಿಯಮ ಏನು ಮಾಡೀತು?

2023ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸರು ಬಿಳಿ ಪಫರ್ ಜಾಕೆಟ್ ತೊಟ್ಟ ಚಿತ್ರ ಬಂತಲ್ಲ, ಎಐಯಲ್ಲಿ ಮಾಡಿದ್ದು. ನಾವೇ ಅದನ್ನು ವಾಳೆಯ ಗ್ರೂಪಿಗೆ ಹಾಕಿ ನಕ್ಕೆವು. ಆದಿತ್ಯವಾರ ಪೂಜೆ ಮುಗಿದ ಮೇಲೆ ಒಬ್ಬರು ಬಾಯಮ್ಮ ಮೆಲ್ಲಗೆ ಕೇಳಿದರು, "ಬಡವರ ಪೋಪ್ ಅಂತೀರಿ ಮಕ್ಕಳೇ, ಅವರಿಗೆ ಅಂಥ ಕೋಟು ಯಾಕೆ?"

ಅದು ಸುಳ್ಳು ಚಿತ್ರ ಎಂದೆವು.

"ಹಾಗಾದರೆ ನೀವು ಕಳಿಸಿದ್ದು ಯಾಕೆ?"

ಪ್ಯಾರಡಿ ಖಾತೆಗಳನ್ನು ನಾವು ಬಿಟ್ಟಿಲ್ಲ. ಈಗ ಖಾತೆಯ ಹೆಸರು ಕಾಣುವ ಹಾಗೆ ಕಳಿಸುತ್ತೇವೆ. ಬಾಯಮ್ಮ ಇರುವ ಗ್ರೂಪಿಗಾದರೆ, "ಇದು ತಮಾಷೆ" ಅಂತ ಮೇಲೊಂದು ಸಾಲು ಕನ್ನಡದಲ್ಲೇ ಬರೆದು.