ಬಳಸಿದ ಸ್ಪೋರ್ಟ್ಸ್ ಕಾರು: ಖರೀದಿ ಬೆಲೆಯ ಆಚೆಗಿನ ಲೆಕ್ಕ

ರಾಜ್ಯದ ವ್ಯಾಪಾರಿ ವಲಯದಲ್ಲಿ ಐಷಾರಾಮಿ ಕಾರು ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಕಾರ್ಖಾನೆ ನೆಲೆಗೊಂಡು, ಸಾಲ ತೀರಿ, ಮಕ್ಕಳ ವಿದ್ಯಾಭ್ಯಾಸ ಮುಗಿದ ಮೇಲೆ, ಯೌವನದಲ್ಲಿ ಚಿತ್ರಗಳಲ್ಲಷ್ಟೇ ಕಂಡಿದ್ದ ಎರಡು ಆಸನಗಳ ಕನ್ವರ್ಟಿಬಲ್ ಕಾರೊಂದನ್ನು ಕೊಳ್ಳಬೇಕೆಂಬ ಆಸೆ ಉದ್ಯಮಿಯ ಮನಸ್ಸಿನಲ್ಲಿ ಮೂಡಿದರೆ ಅದನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಹೊಸ ಕಾರಿನ ಬೆಲೆ ಕೇಳಿ ಹಿಂದೆ ಸರಿದವರು, ಏಳೆಂಟು ವರ್ಷ ಹಳೆಯದಾದ ಅದೇ ಕಾರು ಬಹಳ ಕಡಿಮೆ ಬೆಲೆಗೆ ದೊರೆಯುವುದನ್ನು ಕಂಡು ಮತ್ತೆ ಮುಂದೆ ಬರುತ್ತಾರೆ. ತಪ್ಪು ನಡೆಯುವುದು ಇಲ್ಲಿಯೇ. ಕಾರು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹಳೆಯ ಕಾರನ್ನು ಕೊಂಡವರೂ ಹೊಸ ಕಾರಿನ ದರದಲ್ಲಿಯೇ ಬ್ರೇಕ್ ಡಿಸ್ಕ್, ದೀಪ, ರೇಡಿಯೇಟರುಗಳನ್ನು ತರಿಸಬೇಕಾಗುತ್ತದೆ. ಅವುಗಳ ಮೇಲೆ ಆಮದು ಸುಂಕವೂ ಜಿ.ಎಸ್.ಟಿ.ಯೂ ಸೇರುತ್ತವೆ.

ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಬಳಸಿದ ಲೇತ್ ಕೊಳ್ಳುವ ಉದ್ಯಮಿಯ ನಡವಳಿಕೆಯನ್ನು ನೆನೆಯಬಹುದು. ಯಂತ್ರ ಎಷ್ಟು ಪಾಳಿ ನಡೆದಿದೆ, ಸ್ಪಿಂಡಲ್ ಯಾವಾಗ ಬದಲಾಗಿದೆ, ಬೆಡ್ಡಿನಲ್ಲಿ ಸವೆತವೆಷ್ಟು ಎಂದು ಆತ ಕೇಳುತ್ತಾನೆ. ಜೊತೆಯಲ್ಲಿ ಒಬ್ಬ ಅನುಭವಿ ಫಿಟ್ಟರನ್ನು ಕರೆದೊಯ್ಯುತ್ತಾನೆ. ಅದೇ ಉದ್ಯಮಿ ಅದಕ್ಕಿಂತ ಹೆಚ್ಚು ಬೆಲೆಯ ಕಾರನ್ನು ಬಣ್ಣ ನೋಡಿ, ಒಂದು ಸುತ್ತು ಓಡಿಸಿ, ಸಂಜೆಯೊಳಗೆ ಮುಂಗಡ ಕೊಟ್ಟು ಬರುತ್ತಾನೆ. ಯಂತ್ರ ಖರೀದಿಯ ಶಿಸ್ತನ್ನೇ ಕಾರಿಗೂ ಅನ್ವಯಿಸಿದರೆ ಈ ವ್ಯವಹಾರದ ಬಹುಪಾಲು ನಷ್ಟಗಳು ಸಂಭವಿಸುವುದಿಲ್ಲ.

ಉದಾಹರಣೆಗೆ ಪೋರ್ಷೆ ಬಾಕ್ಸ್‌ಸ್ಟರ್ ಕಾರನ್ನು ತೆಗೆದುಕೊಳ್ಳಬಹುದು. ಇದರ ಹುಟ್ಟು ತಯಾರಕರಿಗೆ ಸ್ವಾರಸ್ಯಕರವೆನಿಸುವಂಥದು. 1990ರ ದಶಕದ ಆರಂಭದಲ್ಲಿ ಜರ್ಮನಿಯ ಪೋರ್ಷೆ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. ವೆಂಡೆಲಿನ್ ವೀಡೆಕಿಂಗ್ ಅವರ ನಾಯಕತ್ವದಲ್ಲಿ ಟೊಯೋಟಾದ ಉತ್ಪಾದನಾ ಪದ್ಧತಿ ಬಲ್ಲ ಜಪಾನಿ ತಜ್ಞರನ್ನು ಕರೆಸಿ, ಉಗ್ರಾಣದ ದಾಸ್ತಾನು ತಗ್ಗಿಸಿ, ಕಾರ್ಖಾನೆಯನ್ನು ಪುನರ್ರಚಿಸಲಾಯಿತು. 1996ರಲ್ಲಿ ಹೊರಬಂದ ಬಾಕ್ಸ್‌ಸ್ಟರ್ ಮತ್ತು ಮರುವರ್ಷದ ಹೊಸ 911 ಮಾದರಿಗಳು ಮುಂಭಾಗದ ಅನೇಕ ಬಿಡಿಭಾಗಗಳನ್ನು ಹಂಚಿಕೊಂಡವು. ಬೇಡಿಕೆ ಹೆಚ್ಚಿದಾಗ ಫಿನ್ಲೆಂಡಿನ ವಾಲ್ಮೆಟ್ ಕಾರ್ಖಾನೆಗೂ ಜೋಡಣೆಯ ಕೆಲಸ ವಹಿಸಲಾಯಿತು. ಕಂಪನಿಯನ್ನು ಉಳಿಸಿದ ಕಾರುಗಳಲ್ಲಿ ಇದೂ ಒಂದು.

ಆದರೆ ಆ ಕಾಲದ ಎಂಜಿನ್ನಿನಲ್ಲಿ ಒಂದು ಸಣ್ಣ ಭಾಗ ದೊಡ್ಡ ಹೆಸರು ಪಡೆಯಿತು. ಕ್ರ್ಯಾಂಕ್ ಶಾಫ್ಟಿನ ಚಲನೆಯನ್ನು ಕ್ಯಾಮ್ ಶಾಫ್ಟುಗಳಿಗೆ ತಲುಪಿಸುವ ಮಧ್ಯದ ದಂಡ, ಅಂದರೆ ಇಂಟರ್‌ಮೀಡಿಯೆಟ್ ಶಾಫ್ಟ್, ಒಂದು ತುದಿಯಲ್ಲಿ ಮುಚ್ಚಿದ ಬಾಲ್ ಬೇರಿಂಗಿನ ಮೇಲೆ ತಿರುಗುತ್ತದೆ. ಕಾಲಕ್ರಮದಲ್ಲಿ ಸೀಲ್ ಸೋತು ಒಳಗಿನ ಗ್ರೀಸು ಕರಗಿಹೋದರೆ ಬೇರಿಂಗ್ ಒಡೆಯುತ್ತದೆ, ಟೈಮಿಂಗ್ ತಪ್ಪುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಆಮೇಲೆ ಉಳಿಯುವುದು ಎಂಜಿನ್ ಬದಲಾವಣೆಯೊಂದೇ. ಆರಂಭದ ಎರಡು ಸಾಲಿನ ಬೇರಿಂಗಿಗಿಂತ 2000ದ ನಂತರದ ಒಂದೇ ಸಾಲಿನ ಬೇರಿಂಗಿನಲ್ಲಿ ಈ ದೋಷ ಹೆಚ್ಚಾಗಿ ಕಂಡಿತು. ಅಮೆರಿಕದಲ್ಲಿ ಮಾಲೀಕರು ಸಾಮೂಹಿಕ ದಾವೆ ಹೂಡಿ, 2001ರಿಂದ 2005ರವರೆಗಿನ ಕಾರುಗಳ ವಿಷಯದಲ್ಲಿ 2013ರಲ್ಲಿ ರಾಜಿಯಾಯಿತು. ಎಲ್ಲ ಕಾರುಗಳೂ ಕೆಡಲಿಲ್ಲ, ಬಹುಪಾಲು ಸುಸ್ಥಿತಿಯಲ್ಲಿಯೇ ಓಡಿದವು ಎಂಬುದನ್ನೂ ಹೇಳಬೇಕು. 2006ರ ಸುಮಾರಿಗೆ ದೊಡ್ಡ ಬೇರಿಂಗ್ ಬಂತು. 2009ರ ಮಾದರಿಯ ಹೊಸ ಎಂಜಿನ್ನಿನಲ್ಲಿ ಆ ದಂಡವನ್ನೇ ಕೈಬಿಡಲಾಯಿತು.

ಕೊಳ್ಳುವವರಿಗೆ ಇದರಿಂದ ದೊರೆಯುವ ಸೂಚನೆ ಸ್ಪಷ್ಟವಾಗಿದೆ. 2009ರ ನಂತರದ ಮಾದರಿ, ಅದರಲ್ಲಿಯೂ 2012ರಿಂದ 2016ರವರೆಗೆ ತಯಾರಾದ ಆರು ಸಿಲಿಂಡರಿನ ಕಾರು, ಮೊದಲ ಆಯ್ಕೆಯಾಗಬೇಕು. ಇನ್ನೂ ಹಳೆಯದನ್ನೇ ಬಯಸುವವರು ಬೇರಿಂಗ್ ಬದಲಿಸಿದ ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಬೇಕು. ಈ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಬೇಕಾಗುವುದರಿಂದ ಸಾಮಾನ್ಯವಾಗಿ ಕ್ಲಚ್ ಬದಲಿಸುವಾಗಲೇ ಇದನ್ನೂ ಮಾಡಿಸುತ್ತಾರೆ. ಕ್ಲಚ್ಚಿನ ಬಿಲ್ಲಿದ್ದು ಬೇರಿಂಗಿನ ಬಿಲ್ಲಿಲ್ಲದಿದ್ದರೆ ಕಾರಣ ಕೇಳುವುದು ನ್ಯಾಯ.

ಈ ಕಾರಿನ ಎಂಜಿನ್ ಆಸನಗಳ ಹಿಂದೆ, ಛಾವಣಿ ಮಡಿಚಿ ಕೂರುವ ಜಾಗದ ಕೆಳಗೆ ಅಡಗಿದೆ. ಬಾನೆಟ್ ಎತ್ತಿದರೆ ಸಾಮಾನು ಇಡುವ ಜಾಗ ಕಾಣುತ್ತದೆಯೇ ಹೊರತು ಎಂಜಿನ್ ಕಾಣದು. ಆದ್ದರಿಂದ ಬೀದಿಯಲ್ಲಿ ನಿಂತು ನಡೆಸುವ ಪರೀಕ್ಷೆಗೆ ಅರ್ಥವಿಲ್ಲ. ಲಿಫ್ಟಿನ ಮೇಲೆ ಏರಿಸಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಎಣ್ಣೆ ಜಿನುಗುತ್ತಿದೆಯೇ ಎಂದು ನೋಡಿಸಬೇಕು. ಎಂಜಿನ್ನಿನ ಕಂಪ್ಯೂಟರಿಗೆ ಯಂತ್ರ ಜೋಡಿಸಿ ದಾಖಲೆ ಓದಿಸಬೇಕು. ಆ ದಾಖಲೆಯಲ್ಲಿ ಎಂಜಿನ್ ನಡೆದ ಒಟ್ಟು ಗಂಟೆಗಳೂ, ಮಿತಿ ಮೀರಿದ ವೇಗದಲ್ಲಿ ತಿರುಗಿದ ಸಂದರ್ಭಗಳೂ ಇರುತ್ತವೆ. ಜನರೇಟರ್ ಸೆಟ್ಟಿನ ಅವರ್ ಮೀಟರ್ ಓದಬಲ್ಲ ಉದ್ಯಮಿಗೆ ಇದರ ಉಪಯೋಗ ವಿವರಿಸಬೇಕಾಗಿಲ್ಲ. ಓಡೋಮೀಟರಿನಲ್ಲಿ 30,000 ಕಿ.ಮೀ. ಎಂದಿದ್ದು ಗಂಟೆಗಳು 2,500 ಎಂದಿದ್ದರೆ ಸರಾಸರಿ ವೇಗ ಗಂಟೆಗೆ 12 ಕಿ.ಮೀ. ಮಾತ್ರ. ರಜಾದಿನಗಳಲ್ಲಿ ಹೆದ್ದಾರಿಯಲ್ಲಷ್ಟೇ ಓಡಿಸಿದ್ದೆಂದು ಮಾರಾಟಗಾರ ಹೇಳಿದ್ದರೆ, ಆ ಮಾತಿಗೂ ಮೀಟರಿಗೂ ಎಲ್ಲಿಯೋ ತಾಳೆಯಿಲ್ಲ.

ಕಡಿಮೆ ಓಡಿದ ಕಾರೇ ಉತ್ತಮ ಎಂಬ ನಂಬಿಕೆಯನ್ನೂ ಪರಿಶೀಲಿಸಬೇಕಾಗಿದೆ. ಹತ್ತು ವರ್ಷದಲ್ಲಿ ಎಂಟು ಸಾವಿರ ಕಿ.ಮೀ. ಓಡಿದ ಕಾರು ಉಳಿದ ಕಾಲವೆಲ್ಲ ಹೊದಿಕೆಯೊಳಗೆ ನಿಂತಿತ್ತೆಂದೇ ಅರ್ಥ. ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ, ಟೈರು ಗಟ್ಟಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನು, ಕೊನೆಯ ಎರಡು ವರ್ಷವನ್ನು ಸೂಚಿಸುತ್ತವೆ. ಇದನ್ನು ಓದಲು ಯಾವ ತಜ್ಞನೂ ಬೇಕಿಲ್ಲ. ಹೂವಿನಷ್ಟು ಆಳವಾದ ಗುರುತುಗಳಿದ್ದರೂ ಆರೇಳು ವರ್ಷ ಮೀರಿದ ಟೈರುಗಳನ್ನು ಇಂಥ ವೇಗದ ಕಾರಿನಲ್ಲಿ ನಂಬುವುದು ಕ್ಷೇಮವಲ್ಲ. ನಾಲ್ಕನ್ನೂ ಬದಲಿಸುವ ವೆಚ್ಚವನ್ನು ಬೆಲೆಯಿಂದ ಕಳೆದೇ ಮಾತುಕತೆ ಆರಂಭಿಸಬೇಕು. ಇಂದು ಬಂಕುಗಳಲ್ಲಿ ದೊರೆಯುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಇಂಥ ಹಳೆಯ ಮಾದರಿಗಳ ವಿನ್ಯಾಸಕಾಲದಲ್ಲಿ ಲೆಕ್ಕದಲ್ಲಿರಲಿಲ್ಲ. ಇಂಧನದ ಕೊಳವೆ ಮತ್ತು ಸೀಲುಗಳನ್ನು ಪರೀಕ್ಷಿಸುವಾಗ ಇದು ನೆನಪಿರಬೇಕು.

ಕನ್ವರ್ಟಿಬಲ್ ಕಾರಿಗೆ ಮಳೆಗಾಲವೇ ನಿಜವಾದ ಪರೀಕ್ಷೆ. ಬಾಕ್ಸ್‌ಸ್ಟರಿನ ಬಟ್ಟೆಯ ಛಾವಣಿಯ ಮೇಲೆ ಬಿದ್ದ ನೀರು ಎರಡೂ ಬದಿಯ ಸಣ್ಣ ರಂಧ್ರಗಳ ಮೂಲಕ ಹೊರಹೋಗಬೇಕು. ಮರದ ನೆರಳಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಎಲೆ, ಹೂವು, ಧೂಳು ಸೇರಿ ಈ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆಗ ನೀರು ಒಳಗೆ ಇಳಿದು ಆಸನದ ಕೆಳಗಿನ ವಿದ್ಯುನ್ಮಾನ ಪೆಟ್ಟಿಗೆಯನ್ನು ತಲುಪುತ್ತದೆ. ಕೀಲಿಯನ್ನು ಗುರುತಿಸುವ ವ್ಯವಸ್ಥೆ ಅಲ್ಲಿಯೇ ಇರುವುದರಿಂದ ಕಾರು ಚಾಲೂ ಆಗುವುದಿಲ್ಲ. ಬೆಂಗಳೂರಿನ ಮರಗಳ ಬೀದಿಯಲ್ಲಾಗಲಿ, ಕರಾವಳಿಯ ಮಳೆಯಲ್ಲಾಗಲಿ, ಐದು ನಿಮಿಷದಲ್ಲಿ ಮುಗಿಯುವ ಸ್ವಚ್ಛತೆಯ ಕೆಲಸ ಬಿಟ್ಟದ್ದಕ್ಕೆ ಭಾರಿ ದಂಡ ತೆರಬೇಕಾಗುತ್ತದೆ. ಕಾರು ನೋಡಲು ಹೋದವರು ನೆಲಹಾಸಿನ ಕೆಳಗೆ ಕೈಯಿಟ್ಟು ತೇವವಿದೆಯೇ ಎಂದು ನೋಡಬೇಕು. ಮುಂದಿನ ಬಂಪರಿನ ಹಿಂದಿರುವ ರೇಡಿಯೇಟರುಗಳಲ್ಲಿಯೂ ಇದೇ ಕಸ ಸೇರಿ ತಗಡು ತಿನ್ನುತ್ತದೆ. ರಸ್ತೆ ಉಬ್ಬುಗಳ ವಿಷಯ ಹೇಳುವುದೇ ಬೇಡ. ಕಾರಿನ ಅಡಿಭಾಗದ ಗೀರುಗಳೇ ಹೇಳುತ್ತವೆ.

ಕಾಗದಪತ್ರಗಳಲ್ಲಿ ಅಲಕ್ಷ್ಯ ಮಾಡಿದವರ ನಷ್ಟಕ್ಕೆ ರಿಪೇರಿಯೂ ಇಲ್ಲ. ಐಷಾರಾಮಿ ಕಾರುಗಳು ತೆರಿಗೆ ಕಡಿಮೆಯಿರುವ ರಾಜ್ಯಗಳಲ್ಲಿ ನೋಂದಣಿಯಾಗಿ ಇಲ್ಲಿ ಓಡುವುದು ಹಳೆಯ ರೂಢಿ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಇಂಥ ಸುಮಾರು 30 ಕಾರುಗಳನ್ನು ವಶಪಡಿಸಿಕೊಂಡಿತು. ಮೋಟಾರು ವಾಹನ ಕಾಯಿದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇದ್ದರೆ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಸಲ್ಲಿಸಲೇಬೇಕು, ಆಗ ಇಲ್ಲಿಯ ಜೀವಾವಧಿ ತೆರಿಗೆಯ ಪ್ರಶ್ನೆಯೂ ಏಳುತ್ತದೆ. ಅಗ್ಗದ ಕಾರು ಅಗ್ಗವಾಗಿ ಕಾಣುವುದು ಅನೇಕ ವೇಳೆ ಈ ಬಾಕಿ ಇನ್ನೂ ಕಟ್ಟಿಲ್ಲದ ಕಾರಣದಿಂದ. ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಬ್ಯಾಂಕಿನ ಸಾಲ ತೀರಿದ ಬಗ್ಗೆ ನಮೂನೆ 35, ವರ್ಗಾವಣೆಯ ನಮೂನೆ 29 ಮತ್ತು 30 ಇವು ಕೈಸೇರುವ ಮೊದಲು ಪೂರ್ಣ ಹಣ ಕೊಡಕೂಡದು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಕಾನೂನು 2017ರಿಂದಲೇ ನಿಷೇಧಿಸಿದೆ. ನಗದನ್ನೇ ಒತ್ತಾಯಿಸುವ ಮಾರಾಟಗಾರನಿಂದ ದೂರವಿರುವುದು ಲೇಸು. ನೋಂದಣಿಯಾಗಿ 15 ವರ್ಷ ಸಮೀಪಿಸಿದ ಕಾರಾದರೆ ನವೀಕರಣ ಶುಲ್ಕವೂ ಗಮನದಲ್ಲಿರಲಿ. ಆಮದಾದ ಕಾರಿಗೆ ಇದನ್ನು 2022ರ ಏಪ್ರಿಲ್‌ನಿಂದ ರೂ. 40,000ಕ್ಕೆ ಏರಿಸಲಾಯಿತು. 20 ವರ್ಷ ಮೀರಿದ್ದಕ್ಕೆ 2025ರಲ್ಲಿ ರೂ. 80,000 ನಿಗದಿಯಾಯಿತು.

ಇನ್ನು ಕಾರನ್ನು ಯಾರ ಹೆಸರಿನಲ್ಲಿ, ಯಾವ ಹಣದಿಂದ ಕೊಳ್ಳಬೇಕೆಂಬ ಮಾತು. ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ತೆರಿಗೆ ಉಳಿಯುತ್ತದೆಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಶೇ. 15ರ ಸವಕಳಿ ದೊರೆಯುವುದು ನಿಜ. ಆದರೆ ಸ್ವಂತ ಬಳಕೆಯ ಪಾಲನ್ನು ತೆರಿಗೆ ಅಧಿಕಾರಿ ತಳ್ಳಿಹಾಕಬಹುದು, ಎರಡೇ ಆಸನಗಳ ತೆರೆದ ಕಾರು ವ್ಯವಹಾರಕ್ಕೆಂದೇ ಬಳಕೆಯಾಗುತ್ತದೆಂದು ಆತನನ್ನು ಒಪ್ಪಿಸುವುದು ಸುಲಭವಲ್ಲ. ಇಂಥ ಕಾರಿನ ಖರೀದಿ, ವಿಮೆ, ರಿಪೇರಿಗಳ ಮೇಲಿನ ಜಿ.ಎಸ್.ಟಿ.ಗೆ ಸಾಮಾನ್ಯ ಉದ್ಯಮಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಮುಂದೆ ಸಂಸ್ಥೆಯೇ ಅದನ್ನು ಮಾರಿದಾಗ, ಸವಕಳಿ ಕಳೆದ ಮೌಲ್ಯಕ್ಕಿಂತ ಹೆಚ್ಚಿಗೆ ಬಂದ ಮೊತ್ತದ ಮೇಲೆ ಶೇ. 18 ಜಿ.ಎಸ್.ಟಿ. ಕಟ್ಟಬೇಕಾಗುತ್ತದೆ. ಖಾಸಗಿ ವ್ಯಕ್ತಿ ತನ್ನ ಸ್ವಂತ ಕಾರನ್ನು ಮತ್ತೊಬ್ಬರಿಗೆ ಮಾರಿದರೆ ಈ ತೆರಿಗೆಯಿಲ್ಲ.

ಇದಕ್ಕಿಂತ ಗಂಭೀರವಾದದ್ದು ದುಡಿಯುವ ಬಂಡವಾಳದ ಪ್ರಶ್ನೆ. ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ಮಿತಿ ಉಳಿದಿದೆಯೆಂದು ಅದರಿಂದಲೇ ಕಾರಿನ ಹಣ ಹೊರಟರೆ, ಮೂರು ತಿಂಗಳ ನಂತರ ಕಚ್ಚಾ ಮಾಲಿನ ಸರಬರಾಜುದಾರ ಕಾಯಬೇಕಾಗುತ್ತದೆ. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸದಿದ್ದರೆ ಆ ವೆಚ್ಚವನ್ನು ಪಾವತಿಸಿದ ವರ್ಷದವರೆಗೂ ಆದಾಯದಿಂದ ಕಳೆಯುವಂತಿಲ್ಲ ಎಂಬ ನಿಯಮ 2024–25ನೇ ಕರನಿರ್ಧಾರಣಾ ವರ್ಷದಿಂದ ಬಂದಿದೆ. ಒಂದು ಕಾರಿನ ಸಲುವಾಗಿ ಹತ್ತು ವರ್ಷದ ಸರಬರಾಜುದಾರನ ವಿಶ್ವಾಸವೂ ತೆರಿಗೆಯ ಅನುಕೂಲವೂ ಒಟ್ಟಿಗೆ ಕೈತಪ್ಪಬಹುದು. ಆದುದರಿಂದ ಕಾರು ಸ್ವಂತ ಹೆಸರಿನಲ್ಲಿ, ಸ್ವಂತ ಉಳಿತಾಯದಿಂದ ಬರುವುದೇ ಯೋಗ್ಯ. ಉಳಿತಾಯ ಸಾಲದಿದ್ದರೆ ಇನ್ನೆರಡು ವರ್ಷ ಕಾಯಬಹುದು. ಅಷ್ಟರಲ್ಲಿ ಅದೇ ಕಾರಿನ ಬೆಲೆಯೂ ಇಳಿದಿರುತ್ತದೆ.

ಉಳಿತಾಯದ ಎಲ್ಲ ಮೊತ್ತವನ್ನೂ ಬೆಲೆಗೆ ಸುರಿಯದೆ ಐದನೆಯ ಒಂದು ಭಾಗವನ್ನಾದರೂ ಮೊದಲ ವರ್ಷದ ರಿಪೇರಿಗೆ ಬೇರೆಯಾಗಿ ಇಡಬೇಕು. ವಿಮೆಯಿದೆಯೆಂಬ ಧೈರ್ಯ ಇಲ್ಲಿ ಪೂರ್ತಿ ಕೆಲಸಕ್ಕೆ ಬಾರದು. ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ನೀಡುವ ಪಾಲಿಸಿ ಹಳೆಯ ಕಾರುಗಳಿಗೆ ದೊರೆಯುವುದು ಕಷ್ಟ. ವಿಮೆಯಲ್ಲಿ ಘೋಷಿಸಿದ ಮೌಲ್ಯದ ಶೇ. 75ನ್ನು ರಿಪೇರಿ ವೆಚ್ಚ ಮೀರಿದರೆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸಲಾಗುತ್ತದೆ. ಹಳೆಯ ಕಾರಿನ ಮೌಲ್ಯ ಕಡಿಮೆ, ಬಿಡಿಭಾಗದ ಬೆಲೆ ಹೊಸದರದ್ದೇ ಆದುದರಿಂದ, ಮುಂಭಾಗಕ್ಕೆ ಬಿದ್ದ ಒಂದು ಮಧ್ಯಮ ಪೆಟ್ಟಿಗೇ ಈ ಗಡಿ ದಾಟಬಹುದು. ಕಂತಿನಲ್ಲಿ ಕೊಂಡ ಕಾರಾಗಿದ್ದರೆ ವಿಮಾ ಕಂಪನಿಯ ಚೆಕ್ಕು ಮೊದಲು ಸಾಲ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ.