ಹೆಸರು ಹೇಳಲು ನಾಚಿಕೆ ಏಕೆ?

ಮಕ್ಕಳೇ, ತರಗತಿಯಲ್ಲಿ ಕಿರುಬೆರಳು ಎತ್ತಿ "ಒಂದಕ್ಕೆ ಹೋಗಿ ಬರ್ತೀನಿ" ಎನ್ನುತ್ತೀರಲ್ಲವೆ? ಅನುಮತಿ ಕೇಳಲು ಅಷ್ಟು ಸಾಕು. ಆದರೆ ಮೂತ್ರ ಮಾಡುವಾಗ ಉರಿಯಾದರೂ ನಾಚಿಕೊಂಡು, ತ್ಯಾಮಗೊಂಡ್ಲು ಆಸ್ಪತ್ರೆಯಲ್ಲಿ "ಹೊಟ್ಟೆನೋವು" ಎಂದುಬಿಟ್ಟರೆ ವೈದ್ಯರಿಗೆ ತಿಳಿಯುವುದು ಹೇಗೆ? ಕಣ್ಣು, ಕಿವಿಯಂತೆ ಈ ನಾಲ್ಕು ಹೆಸರುಗಳೂ ನಿಮಗೆ ಗೊತ್ತಿರಬೇಕು.

ಬೆನ್ನುಮೂಳೆಯ ಎರಡೂ ಬದಿಯಲ್ಲಿ, ಅಲಸಂದೆ ಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ಕಿಡ್ನಿ ಎನ್ನುವುದು ಇವನ್ನೇ. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳೆಂಬ ಸೂಕ್ಷ್ಮ ಸೋಸುಕಗಳು! ದೊಡ್ಡವರಲ್ಲಿ ಇವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಬಹುಪಾಲು ರಕ್ತಕ್ಕೇ ಮರಳುತ್ತದೆ. ಒಂದೆರಡು ಲೀಟರ್ ಮಾತ್ರ ಮೂತ್ರವಾಗುತ್ತದೆ. ಅದು ಎರಡು ಮೂತ್ರನಾಳಗಳಲ್ಲಿ ಇಳಿದು, ಮೂತ್ರಕೋಶದಲ್ಲಿ ಸಂಗ್ರಹವಾಗಿ, ಮೂತ್ರವಿಸರ್ಜನಾ ನಾಳದ ಮೂಲಕ ಹೊರಬರುತ್ತದೆ. ಈ ನಾಳ ಹೆಣ್ಣುಮಕ್ಕಳಲ್ಲಿ ಗಿಡ್ಡ. ಆದ್ದರಿಂದ ಅವರಿಗೆ ಸೋಂಕು ಬೇಗ ತಗಲುತ್ತದೆ.

ಶೌಚಾಲಯ ಕೊಳಕಾಗಿದೆಯೆಂದು ನೀರು ಕುಡಿಯದಿರುವುದು, ಸಂಜೆಯವರೆಗೆ ಮೂತ್ರ ತಡೆಯುವುದು ಸರಿಯಲ್ಲ. ಇದರಿಂದ ಸೋಂಕಿಗೆ ದಾರಿಯಾಗಬಹುದು. ಶೌಚಾಲಯ ಶುಚಿಯಾಗಿಲ್ಲವೆಂದು ಗುರುಗಳಿಗೆ ಧೈರ್ಯವಾಗಿ ಹೇಳಿ. ಉರಿಯಾದರೆ, ಮೂತ್ರದ ಬಣ್ಣ ಕೆಂಪಾದರೆ ಮನೆಯಲ್ಲಿ ಅದೇ ದಿನ ತಿಳಿಸಿ. ನಾಚಿಕೆಯಿಂದ ಮುಚ್ಚಿಟ್ಟರೆ ರೋಗ ಬೆಳೆಯುತ್ತದೆ. ಹೆಸರಿಟ್ಟು ಹೇಳಿದರೆ ಚಿಕಿತ್ಸೆ ಬೇಗ ಸಿಗುತ್ತದೆ.